ಬಸುರಿಯ ಕೈ

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕ ಒಂದು ಸೀಳು ಇದೆ. ಕಣ್ಣಿಗೆ ಬೀಳದಷ್ಟು ಸಣ್ಣದು. ಅದರೊಳಗಿಂದ ಏನಾದರೂ ಮೈಗೆ ಹೊಕ್ಕಿದ್ದರೆ ಎಂದು ನನಗೆ ಹೆದರಿಕೆ. ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ. ಡಿಗ್ರಿ ಮಾಡಿದ ಹುಡುಗಿ ಉಗುರು ಸುಲಿದರೆ ಅಂಜುತ್ತಾಳೆ ಎನ್ನುತ್ತಾರೆ. ಆದರೆ ಅವ್ವನ ಸೀರೆ ಒಗೆಯುವವಳು ನಾನು. ಆ ಸೀರೆಗೆ ಏನೇನು ಹತ್ತಿರುತ್ತದೆ ಎಂದು ನನಗೆ ಗೊತ್ತು. ರಕ್ತ. ಮಾಸದ ನೀರು. ಸತ್ತು ಬಿದ್ದ ಕರುವಿನ ಲೋಳೆ. ಸಾಬೂನು ಹಚ್ಚಿ ಕಲ್ಲಿಗೆ ಬಡಿಯುತ್ತೇನೆ. ನೀರು ಕೆಂಪಗೆ ಹರಿದು ಹೋಗುತ್ತದೆ. ಆಮೇಲೆ ಊಟಕ್ಕೆ ಕೂತಾಗ ಬೆರಳು ಬಾಯಿಯ ಹತ್ತಿರ ಹೋಗಿ ನಿಲ್ಲುತ್ತದೆ.

ಅವ್ವನ ಹೆಸರು ಕಮಳಾಬಾಯಿ. ಗುರುನಾಥ ಮಾಲಕರ ಡೇರಿಯಲ್ಲಿ ಕೆಲಸ. ಮಾಲಕರು ವಯಸ್ಸಿನಲ್ಲಿ ಅವ್ವನಿಗಿಂತ ಎಷ್ಟೋ ಚಿಕ್ಕವರು. ಕಮಳಿ ಎಂದು ಕರೆಯುತ್ತಾರೆ.

ನಮ್ಮ ಊರು ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಇದೆ. ಊರು ಮುಗಿದ ಮೇಲೆ ನಮ್ಮ ಕೇರಿ. ಕೇರಿ ಮುಗಿದ ಮೇಲೆ ಡೇರಿ. ಡೇರಿ ಮುಗಿದ ಮೇಲೆ ತಂತಿ ಬೇಲಿ. ಬೇಲಿಯ ಆಚೆ ಅಭಯಾರಣ್ಯ. ಅರಣ್ಯ ಎಂದರೆ ಗಿಡಮರ ಅಲ್ಲ. ಹುಲ್ಲು. ಕಣ್ಣು ಹರಿಯುವಷ್ಟು ದೂರ ಹುಲ್ಲು. ಅದರಲ್ಲಿ ಚಿಗರಿ, ಎಂದರೆ ಕೃಷ್ಣಮೃಗ, ಮತ್ತೆ ತೋಳ, ನರಿ. ಆ ಬೇಲಿ ನಮ್ಮ ಆಡುಗಳಿಗೆ ಬೇಲಿ. ತೋಳಕ್ಕೆ ಅಲ್ಲ, ನಾಯಿಗೆ ಅಲ್ಲ. ರೋಗಕ್ಕಂತೂ ಅಲ್ಲ.

ಡೇರಿಯಲ್ಲಿ ಹೊರಗಿನಿಂದ ಕೊಂಡು ತಂದ ಜರ್ಸಿ ಆಕಳುಗಳಿವೆ. ಹಾಲು ಹಿಂಡಲು ಯಂತ್ರ ಇದೆ. ಯಂತ್ರ ಹಚ್ಚುವವನ ಕೈಗೆ ನೀಲಿ ಗ್ಲೋವ್ಸು. ನೋಡಲು ಬಂದ ಹಾಲಿನ ಕಂಪನಿಯವರು ಆ ಗ್ಲೋವ್ಸಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವ್ವ ಸಗಣಿ ಬಳಿಯುತ್ತಾಳೆ. ಗಂಜಲದ ಕಾಲುವೆ ತೊಳೆಯುತ್ತಾಳೆ. ಮೇವು ಕತ್ತರಿಸುತ್ತಾಳೆ. ಹಾಲಿನ ಕ್ಯಾನು ಮಾತ್ರ ಮುಟ್ಟುವಂತಿಲ್ಲ. ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಎತ್ತಲು ಹೋದರೆ, "ಇರಲಿ ಬಿಡ ಕಮಳಿ, ನಿನಗ ಭಾರ ಆಗ್ತದ" ಎನ್ನುತ್ತಾರೆ.

ಸತ್ತ ಕರು ಭಾರ ಆಗುವುದಿಲ್ಲ. ಆಕಳು ಕಂದು ಹಾಕಿತೆಂದರೆ, ಎಂದರೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತೆಂದರೆ, ಅವ್ವನನ್ನೇ ಕರೆಯುತ್ತಾರೆ. ಮೈಮೇಲೆ ಇನ್ನೂ ಕೂದಲು ಸರಿಯಾಗಿ ಮೂಡದ ಕರು. ಅವ್ವ ಅದನ್ನು ಬುಟ್ಟಿಯಲ್ಲಿ ಹೊತ್ತು ಬೇಲಿಯ ಆಚೆ ಎಸೆಯುತ್ತಾಳೆ. ಮಾಲಕರ ಹೊಲದಲ್ಲಿ ಕುಣಿ ತೋಡಿ ಹುಗಿದರೆ ಹೊಲಕ್ಕೆ ಮೈಲಿಗೆ. ಬೇಲಿಯ ಆಚೆ ಸರಕಾರದ ನೆಲ. ಸರಕಾರಕ್ಕೆ ಮೈಲಿಗೆ ಇಲ್ಲ. ಎಸೆದದ್ದು ಅಲ್ಲೇ ಇರುವುದೂ ಇಲ್ಲ. ತೋಳ ತಿನ್ನುತ್ತದೆ. ಉಳಿದದ್ದನ್ನು ನಾಯಿಗಳು ಎಳೆದು ತರುತ್ತವೆ. ಒಂದು ಬೆಳಿಗ್ಗೆ ನಮ್ಮ ಬಚ್ಚಲ ಹತ್ತಿರ ಗೊರಸು ಸಮೇತ ಒಂದು ಕಾಲು ಬಿದ್ದಿತ್ತು.

ಮಾಸವನ್ನು, ಕರುವಿನ ಹಿಂದೆ ಬೀಳುವ ಚೀಲವನ್ನು, ಎಸೆಯುವುದಿಲ್ಲ. ಅದನ್ನು ಜೋಳದ ಕಣಕಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಬೇಲಿಗೆ ಹತ್ತಿ ನಿಂತ ಆಲದ ಮರಕ್ಕೆ ಕಟ್ಟಬೇಕು. ಆಲಕ್ಕೆ ಹಾಲಿದೆ. ಮರಕ್ಕೆ ಕಟ್ಟಿದರೆ ಆಕಳಿಗೂ ಹಾಲು ಇಳಿಯುತ್ತದೆ ಎಂದು ಮಾಲಕರ ತಾಯಿ ಕಲ್ಯಾಣಮ್ಮನವರ ನಂಬಿಕೆ. ಯಂತ್ರ ಬಂದರೂ ಆ ನಂಬಿಕೆ ಹೋಗಲಿಲ್ಲ. ಮರ ಹತ್ತುವವಳು ನಮ್ಮವ್ವ. ಕಚ್ಚೆ ಹಾಕಿ, ಗಂಟನ್ನು ಹೆಗಲಿಗೆ ಹಾಕಿಕೊಂಡು ಹತ್ತುತ್ತಾಳೆ. ಗಂಟಿನಿಂದ ತೊಟ್ಟಿಕ್ಕಿದ ನೀರು ಅವಳ ಕುತ್ತಿಗೆಗೆ, ಕುಪ್ಪಸದೊಳಗೆ ಇಳಿಯುತ್ತದೆ. ಮರದ ಅರ್ಧ ಕೊಂಬೆಗಳು ಬೇಲಿಯ ಆಚೆ ಚಾಚಿವೆ. ಬಿದ್ದ ಆಲದ ಹಣ್ಣು ತಿನ್ನಲು ಬೆಳಗಾದರೆ ಚಿಗರಿಗಳು ಅದರ ಕೆಳಗೆ ಬರುತ್ತವೆ.

ನಮ್ಮ ಅಜ್ಜ ಸತ್ತ ದನ ಎಳೆಯುವುದನ್ನು ಬಿಟ್ಟಿದ್ದ. ಬೌದ್ಧ ದೀಕ್ಷೆ ತಗೊಂಡು ಬಂದ ವರ್ಷವೇ ಎಳೆಯುವ ಹಗ್ಗ ಸುಟ್ಟ. ಊರು ಅವನಿಗೆ ಕೂಲಿ ಕೊಡಲಿಲ್ಲ. ಬಾವಿಯ ಕಡೆ ಸುಳಿಯಗೊಡಲಿಲ್ಲ. ಅವನು ಮತ್ತೆ ಹಗ್ಗ ಹಿಡಿಯಲಿಲ್ಲ. ಅದೇ ಕೆಲಸಕ್ಕೆ ಈಗ ಡೇರಿ ಕೆಲಸ ಎಂದು ಹೆಸರು. ಅಜ್ಜ ಬಿಟ್ಟದ್ದನ್ನು ಅವನ ಸೊಸೆ ಮಾಡುತ್ತಾಳೆ.

ಮಳೆಗಾಲದಿಂದ ಅವ್ವನಿಗೆ ಜ್ವರ. ಸಂಜೆ ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಕೆಲವು ವಾರ ಬಿಟ್ಟು ಹೋಗುತ್ತದೆ, ಮತ್ತೆ ಬರುತ್ತದೆ. ಬೆವರಿಗೆ ನೆನೆದ ಮೇವಿನ ವಾಸನೆ. ಸೊಂಟ ಹಿಡಿದುಕೊಂಡು ಏಳುತ್ತಾಳೆ, ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಊರ ಡಾಕ್ಟರು ಇಂಜೆಕ್ಷನ್ ಕೊಟ್ಟು ದಣಿವು ಎಂದರು.

"ದಣಿವಿಲ್ದಿರಾಕ ನಾ ಏನ ಮಹಾರಾಣಿ ಇದ್ದೀನೇನ," ಎಂದಳು ಅವ್ವ.

ಅವಳ ಕಾಲು ಒತ್ತುವವಳು ನಮ್ಮ ವೈನಿ, ಪಿಂಕಿ. ನನ್ನ ಅಣ್ಣ ರಾಜರತ್ನನ ಹೆಂಡತಿ. ನಾಗಣಸೂರಿನ ಹುಡುಗಿ. ಈಗ ಬಸುರಿ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ನಿಂತದ್ದು. ಕೂಸು ಮಿಸುಕಾಡಲು ಶುರುವಾದ ದಿನ ಕೇರಿಯ ತುಂಬ ಹೇಳಿ ಬಂದಳು. ನಾನು ಆಡದ ಮಾತನ್ನೆಲ್ಲ ನಮ್ಮ ಮನೆಯಲ್ಲಿ ಅವಳೇ ಆಡುತ್ತಾಳೆ.

"ಏ ಛಾಯಾ, ಕೈ ಇಡ ಇಲ್ಲಿ," ಎಂದು ನನ್ನ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾಳೆ. "ನೋಡ, ಹ್ಯಾಂಗ ಒದಿಯಾಕತ್ತದ. ನಮ್ಮಪ್ಪನ ತಂಗಿ, ಆತ್ಯಾ ಮೂಕಿ ಅದಾಳ, ಮಾತಾಡಸ ಅಂತದ."

ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಆ ಕೈಯಿಂದ ಅವ್ವನ ಸೀರೆ ಒಗೆದಿರುತ್ತೇನೆ.

ನಾನು ಹತ್ತನೆಯವರೆಗೆ ಕಲಿತದ್ದು ಕನ್ನಡ ಸಾಲಿಯಲ್ಲಿ. ಡಿಗ್ರಿ ಸೋಲಾಪುರದಲ್ಲಿ, ಮರಾಠಿಯಲ್ಲಿ. ಅಭಯಾರಣ್ಯದಲ್ಲಿ ಚಿಗರಿಗಳು ಕಂದು ಹಾಕತೊಡಗಿದಾಗ ಪುಣೆ ಕಡೆಯಿಂದ ದನದ ಡಾಕ್ಟರರ ತಂಡ ಬಂತು. ಬೇಲಿಯ ಪಕ್ಕದ ಊರುಗಳಲ್ಲಿ ಕನ್ನಡದವರನ್ನು ಮಾತಾಡಿಸಲು ಅವರಿಗೆ ಎರಡೂ ಭಾಷೆ ಬರುವ ಹುಡುಗಿ ಬೇಕಿತ್ತು. ನನ್ನನ್ನು ಇಟ್ಟುಕೊಂಡರು. ಊರವರು ನಕ್ಕರು. ಬಾಯಿಲ್ಲದವಳಿಗೆ ಮಾತಾಡುವ ನೌಕರಿ. ಆದರೆ ಬೇರೆಯವರ ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವುದು ನನಗೆ ತ್ರಾಸ ಆಗಲಿಲ್ಲ. ಅದರಲ್ಲಿ ನಾನು ಇರಬೇಕಾಗಿಲ್ಲ.

ಮೊದಲ ವಾರ ಒಂದು ಬೆಳಿಗ್ಗೆ ನಾನು ತಂಡದ ಜೊತೆ ಬೇಲಿಯ ಆಚೆ ನಿಂತಿದ್ದೆ. ಹುಲ್ಲಿನಲ್ಲಿ ಚಿಗರಿಯ ಸತ್ತ ಮರಿ ಬಿದ್ದಿತ್ತು. ಇಬ್ಬರು ಮೈತುಂಬ ಬಿಳಿ ಉಡುಪು ಹಾಕಿಕೊಂಡರು. ಮುಖಕ್ಕೆ ಗಾಜು, ಕಾಲಿಗೆ ರಬ್ಬರ್ ಬೂಟು, ಕೈಗೆ ಒಂದರ ಮೇಲೊಂದು ಗ್ಲೋವ್ಸು. ಚಿಮಟದಿಂದ ಎತ್ತಿ ಮರಿಯನ್ನು ಚೀಲಕ್ಕೆ ಹಾಕಿದರು. ಆ ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿದರು. ಮರಿ ಬಿದ್ದಿದ್ದ ನೆಲಕ್ಕೆ ಔಷಧ ಸಿಂಪಡಿಸಿದರು. ನನಗೆ ದೂರ ನಿಲ್ಲು ಎಂದರು.

ಬೇಲಿಯ ಈಚೆ ನಮ್ಮವ್ವ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಿಂದ ಕರುವಿನ ಕಾಲು ಜೋತಿತ್ತು. ಬರಿಗೈ. ಬರಿಗಾಲು. ಬಿಳಿ ಉಡುಪಿನವರನ್ನು ಕಂಡು ಬುಟ್ಟಿ ಇಳಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಏ ಛಾಯಾ, ಇವರ್ಯಾರ ಬೇ? ಚಂದ್ರಗ ಹೊಂಟಾರೇನ?"

ನಾನು ನಗಲಿಲ್ಲ. ಬಿಳಿ ಉಡುಪಿನವನೊಬ್ಬ ಅವ್ವನ ಬುಟ್ಟಿಯನ್ನು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಈಚೆ ಬಂದು ಬುಟ್ಟಿಯ ಕರುವಿನಿಂದಲೂ ಪರೀಕ್ಷೆಗೆ ಸ್ವಲ್ಪ ತೆಗೆದುಕೊಂಡ. ಆಚೆ ಚಿಗರಿಯ ರಕ್ತ ತೆಗೆದರು. ಈಚೆ ಆಕಳ ರಕ್ತ ತೆಗೆದರು. ನಮ್ಮವ್ವನ ರಕ್ತ ಯಾರೂ ತೆಗೆಯಲಿಲ್ಲ.

ತಂಡದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಆಲದ ಮರದ ಗಂಟುಗಳನ್ನು ನೋಡಿ ಫೋಟೋ ತೆಗೆದರು. ಕಲ್ಯಾಣಮ್ಮನವರನ್ನು ಕರೆಸಿದರು. ಮುದುಕಿಗೆ ಮರಾಠಿ ಬರುವುದಿಲ್ಲ. ನಾನು ನಡುವೆ ನಿಂತೆ.

"ಇದನ್ನು ಕಟ್ಟುವವರು ಯಾರು?" ಮೇಡಂ ಮರಾಠಿಯಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ನಾವೇನ ಮರಾ ಹತ್ತತೀವೇನ," ಎಂದರು ಕಲ್ಯಾಣಮ್ಮ. "ಅವರ ಮಂದಿ ಕಟ್ಟತಾರ. ಅವರ ಪದ್ಧತಿ ಅದು. ಹೊಲಸ ಮಾಡಬ್ಯಾಡ್ರಿ ಅಂದ್ರೂ ಕೇಳೂದಿಲ್ಲ."

ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸಲಿಲ್ಲ. ಮರ ಹತ್ತಿಸುವವರು ಯಾರು ಎಂದು ನನಗೆ ಗೊತ್ತು ಎಂಬುದು ಅವರಿಗೆ ಗೊತ್ತಿತ್ತು. ನಾನು ಅದನ್ನು ಮರಾಠಿ ಮಾಡಿದೆ. ಒಂದು ಶಬ್ದ ಬಿಡದೆ ಮಾಡಿದೆ. 'ಅವರ ಮಂದಿ' ಎಂಬುದನ್ನೂ ಮಾಡಿದೆ. ಮೇಡಂ ತಲೆಯಾಡಿಸಿದರು. ಚಿಗರಿಗೆ ರೋಗ ದಾಟಿಸಿದವಳು ನಮ್ಮವ್ವ ಎಂದಾಯಿತು. ನನ್ನ ಬಾಯಿಂದಲೇ ಆಯಿತು. ಮನೆಗೆ ಬಂದು ಅವ್ವನ ಮುಖ ನೋಡಲಾಗಲಿಲ್ಲ. ತಲೆನೋವು ಎಂದು ಮಲಗಿಕೊಂಡೆ. ಅವ್ವ ಜ್ವರದಲ್ಲೇ ಎದ್ದು ಬಂದು ನನ್ನ ಹಣೆ ಒತ್ತಿದಳು.

ರಕ್ತದ ಪರೀಕ್ಷೆ ಮುಗಿಸಿಕೊಂಡು ಮೇಡಂ ಮತ್ತೆ ಬಂದದ್ದು ಹಿಂಗಾರಿ ಜೋಳ ಮೊಣಕಾಲುದ್ದ ಎದ್ದಾಗ. ಆ ಮಧ್ಯಾಹ್ನ ಜೀಪು ಅಭಯಾರಣ್ಯದ ಗೇಟಿನ ಹತ್ತಿರ ನಿಂತಿತ್ತು. ಹಿಂದಿನ ಸೀಟಿನಲ್ಲಿ ನಾನು. ತೊಡೆಯ ಮೇಲೆ ಐಸಿನ ಡಬ್ಬಿ. ಮುಂದೆ ಮೇಡಂ. ಗುರುನಾಥ ಮಾಲಕರು ಬೈಕಿನಿಂದ ಇಳಿದು ಕಿಟಕಿಗೆ ಕೈ ಊರಿ ನಿಂತರು. ಇಬ್ಬರದೂ ಮರಾಠಿ ಮಾತು. ನನ್ನ ಅಗತ್ಯ ಇರಲಿಲ್ಲ. ಹಾಗಾಗಿ ಅವರ ಪಾಲಿಗೆ ನಾನು ಅಲ್ಲಿ ಇರಲೂ ಇಲ್ಲ.

"ಫೋನಿನಲ್ಲಿ ಹೇಳಿದ್ದು ಈಗ ಖಾತ್ರಿಯಾಗಿದೆ," ಎಂದರು ಮೇಡಂ. "ಕಂದು ಹಾಕುವ ರೋಗವೇ. ಬ್ರುಸೆಲ್ಲಾ. ನಿಮ್ಮ ಕೊಟ್ಟಿಗೆಯದೂ ಚಿಗರಿಯದೂ ಒಂದೇ. ಹೊರಗಿನಿಂದ ತಂದ ಆಕಳುಗಳ ಜೊತೆ ಬಂದಿರಬೇಕು."

"ಆಯ್ತು ಮೇಡಂ. ಆದರೆ ಸದ್ಯಕ್ಕೆ ನಮ್ಮಲ್ಲೇ ಇರಲಿ. ಹಾಲಿನ ಕಂಪನಿಗೆ ತಿಳಿದರೆ ನಾನು ಮುಗಿದೆ."

"ನನ್ನ ವರದಿ ಮೇಲಿನವರಿಗೆ ಹೋಗುತ್ತದೆ. ಅವರ ಆದೇಶ ಬರುವವರೆಗೆ ನಾನು ಊರಲ್ಲಿ ಹೇಳುವುದಿಲ್ಲ. ಗೊಂದಲ ಆಗುತ್ತದೆ. ಆದರೆ ಇದು ಮನುಷ್ಯರಿಗೂ ಹತ್ತುತ್ತದೆ, ನೆನಪಿಡಿ. ಮಾಸ, ಸತ್ತ ಕರು ಬರಿಗೈಯಿಂದ ಮುಟ್ಟಬಾರದು. ಬಿಟ್ಟು ಬಿಟ್ಟು ಜ್ವರ ಬರುತ್ತದೆ, ಸೊಂಟ, ಕೀಲು ಹಿಡಿಯುತ್ತವೆ. ಬಸುರಿ ಹೆಂಗಸಂತೂ ಹತ್ತಿರ ಸುಳಿಯಬಾರದು. ಗರ್ಭ ನಿಲ್ಲದೆ ಹೋಗಬಹುದು. ನಿಮ್ಮ ಮನೆಯವರು..."

"ನೀವು ಫೋನ್ ಮಾಡಿದ ದಿನವೇ ಶೈಲಶ್ರೀಯನ್ನು ಸೋಲಾಪುರಕ್ಕೆ, ತವರಿಗೆ ಕಳಿಸಿಬಿಟ್ಟೆ. ಹೆರಿಗೆ ಆಗುವವರೆಗೆ ಈ ಕಡೆ ತರುವುದಿಲ್ಲ."

"ಒಳ್ಳೆಯದು ಮಾಡಿದಿರಿ. ಕೆಲಸದವರಿಗೆ?"

"ಗ್ಲೋವ್ಸು ತರಿಸುತ್ತೇನೆ. ಅವರು ಹಾಕಿಕೊಳ್ಳುವವರಲ್ಲ. ಆದರೂ ತರಿಸುತ್ತೇನೆ."

ಮೇಡಂ ಹೇಳಬೇಕಾದದ್ದು ಹೇಳಿದರು. ಮಾಲಕರು ಕೇಳಬೇಕಾದದ್ದು ಕೇಳಿದರು. ಮುಗಿಯಿತು. ಮಾಲಕರು ಬೈಕು ಹತ್ತಿ ಹೋದರು.

ಬಿಟ್ಟು ಬಿಟ್ಟು ಜ್ವರ ಎಂದಾಗ ನನಗೆ ಅವ್ವ ಕಂಡಳು. ಗೋಡೆ ಹಿಡಿದು ನಡೆಯುವ ಅವ್ವ. ಶೈಲಶ್ರೀಯವರು, ಮಾಲಕರ ಹೆಂಡತಿ, ತವರಿಗೆ ಹೋದದ್ದು ಊರಿಗೆಲ್ಲ ಗೊತ್ತಿತ್ತು. ಕುಬಸಕ್ಕೆ, ಸೀಮಂತಕ್ಕೆ, ಹೋದರು ಎಂದು ಹೇಳಿದ್ದರು. ಅವರ ಚೀಲಗಳನ್ನು ಕಾರಿನ ತನಕ ಹೊತ್ತು ಕೊಟ್ಟವಳು ನಮ್ಮವ್ವ. ಮೈತುಂಬಾ ಚಂದ ಕಾಣತಿದ್ಲು ಎಂದು ಮನೆಗೆ ಬಂದು ಹೇಳಿದ್ದಳು.

ಮೇಡಂ ಹಿಂದೆ ತಿರುಗಿದರು. ಆಗ ನಾನು ಅಲ್ಲಿದ್ದೇನೆ ಎಂದು ನೆನಪಾಗಿರಬೇಕು.

"ಛಾಯಾ, ಹೇ ಇಥಂಚ ರಾಹೂ ದೇ." ಇದು ಇಲ್ಲೇ ಇರಲಿ.

"ಹೋ ಮೇಡಂ," ಎಂದೆ. ಐಸಿನ ಡಬ್ಬಿಯ ತಂಪಿಗೆ ತೊಡೆ ಮರಗಟ್ಟಿತ್ತು. ನಮ್ಮವ್ವನಿಗೂ ಜ್ವರ ಬರುತ್ತದೆ ಎನ್ನಬೇಕಿತ್ತು. ನಾಲಿಗೆಯ ಮೇಲೆ ಬಂದಿತ್ತು. ಜೀಪು ಶುರುವಾಯಿತು.

ಕೇರಿಯ ದಾರಿ ಒಡೆಯುವಲ್ಲಿ ನನ್ನನ್ನು ಇಳಿಸಿ ಹೋದರು. ಮನೆಯ ಬಾಗಿಲಿಗೆ ಚಿಲಕ ಹಾಕಿತ್ತು. ಎದುರು ಮನೆಯ ನೀಲಾಬಾಯಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು.

"ಬಂದ್ಯಾ? ನಿಮ್ಮವ್ವ, ಪಿಂಕಿ ಇಬ್ಬರೂ ಡೇರಿಗೆ ಹೋಗ್ಯಾರ ನೋಡ. ಕಲ್ಯಾಣಮ್ಮನೋರು ನಿರೋಪ ಕಳಿಸಿದ್ರು."

"ವೈನಿ ಯಾಕ?"

"ಆಕಳ ಕಂದಾ ಹಾಕೇದಂತ. ಮಾಸ ಬಿದ್ದಿಲ್ಲಂತ. ಬಸರಿ ಕೈ ಹಾಕಿದ್ರ ಲಗೂ ಬೀಳತದ, ಪಿಂಕಿನ್ನ ಕಳಸ್ರಿ ಅಂದಾರ." ನೀಲಾಬಾಯಿ ಮೊರದಲ್ಲಿ ಕೇರುತ್ತಲೇ ನಕ್ಕಳು. "ನಾ ಅಂದೆ, ಕಲ್ಯಾಣಮ್ಮನೋರ ಮನ್ಯಾಗೂ ಒಬ್ಬಾಕಿ ಬಸರಿ ಇದ್ಲಲ, ಆಕಿ ಕೈ ಏನ ಗಿರವಿ ಇಟ್ಟಾರೇನ. ನಿಮ್ಮವ್ವ ನನಗ ಬೈದ ಹೋದ್ಲು."

ಬಸುರಿಯ ಕೈಗೆ ಮಾಸ ಬಿಡಿಸುವ ಗುಣ ಇದೆ ಎಂದು ನಮ್ಮೂರಲ್ಲಿ ನಂಬುತ್ತಾರೆ. ಕೇರಿಯವರೂ ನಂಬುತ್ತಾರೆ. ಅಣ್ಣ ಹೊಟ್ಟೆಯಲ್ಲಿದ್ದಾಗ ಅವ್ವನೂ ಕೈ ಹಾಕಿದ್ದಳಂತೆ. ಊರವರು ಎಮ್ಮೆಯ ಮಾಸ ಬಿಡಿಸಲು ಅವಳನ್ನೇ ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಹೆಮ್ಮೆ. ನಮ್ಮ ಕೈಯನ್ನು ಊರು ಬೇಕು ಎಂದು ಕರೆದದ್ದು ಅದೊಂದಕ್ಕೇ. ಅದಕ್ಕೆ ಅವ್ವ ಅದನ್ನು ಮಾನ ಎಂದುಕೊಂಡಳು. ಸೊಸೆಗೂ ಆ ಮಾನ ಬಂತೆಂದು ಕೈಹಿಡಿದು ಕರೆದುಕೊಂಡು ಹೋಗಿದ್ದಳು.

ವೈನಿಗೆ ಫೋನು ಹಚ್ಚಿದೆ. ಚಿಲಕ ಹಾಕಿದ ಬಾಗಿಲ ಹಿಂದೆಯೇ ಹೊಡೆದುಕೊಂಡಿತು. ಅಣ್ಣನಿಗೆ ಹಚ್ಚಿದೆ. ಅವನು ಚಿಂಚೋಳಿ ಎಂಐಡಿಸಿಯ ಒಂದು ಫ್ಯಾಕ್ಟರಿಯಲ್ಲಿ. ಒಳಗೆ ಹೋಗುವಾಗ ಫೋನು ಗೇಟಿನಲ್ಲಿ ಇಡಬೇಕು. ರಿಂಗಾಗಿ ನಿಂತಿತು. ಮಾಲಕರ ನಂಬರೂ ನನ್ನಲ್ಲಿತ್ತು. ಅದರ ಮೇಲೆ ಬೆರಳು ಇಡಲಾಗಲಿಲ್ಲ.

ಓಡಿದೆ. ಬೇಲಿಯ ಗುಂಟ ಓಡಿದೆ. ಚಪ್ಪಲಿ ಹರಿಯಿತು, ಕೈಯಲ್ಲಿ ಹಿಡಿದುಕೊಂಡೆ. ಆಚೆ ಹುಲ್ಲಿನಲ್ಲಿ ಚಿಗರಿಗಳು ತಲೆಯೆತ್ತಿ ನೋಡಿದವು. ನನ್ನ ಉಸಿರೇ ನನಗೆ ಬೇರೆ ಯಾರೋ ಬೆನ್ನು ಹತ್ತಿದಂತೆ ಕೇಳಿಸುತ್ತಿತ್ತು. ಹೋಗಿ ಏನು ಹೇಳಬೇಕೆಂದು ಜೋಡಿಸಿದೆ. ಮರಾಠಿಯಲ್ಲಿ ಚಂದ ಬಂತು. ಕನ್ನಡದಲ್ಲಿ ಮುರಿಯಿತು. ಹೇಳಿದರೆ ಅವ್ವನ ಕೆಲಸ ಹೋಗುತ್ತದೆ. ನನ್ನದು ಹೋಗುತ್ತದೆ. ಡೇರಿಗೆ ಹೋಗುವ ಕೇರಿಯ ಹೆಂಗಸರೆಲ್ಲರದೂ ಹೋಗುತ್ತದೆ. ಹೇಳದಿದ್ದರೆ ಆ ಕೂಸು. ನನ್ನ ಅಂಗೈಗೆ ಒದ್ದ ಕೂಸು. ಈಗಾಗಲೇ ಕೈ ಹಾಕಿದ್ದರೆ? ಅದೊಂದೇ ತಲೆಯಲ್ಲಿ ಬಡಿಯುತ್ತಿತ್ತು. ಹಾಕಿದ್ದರೆ, ಹಾಕಿದ್ದರೆ.

ಕೊಟ್ಟಿಗೆಯ ತುದಿಯಲ್ಲಿ ಆಕಳು ಮಲಗಿತ್ತು. ಬಾಲದ ಕೆಳಗೆ ಮಾಸ ಜೋತಿತ್ತು. ಕೊಳೆತ ವಾಸನೆ. ನೊಣ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಸತ್ತ ಕರು. ಅವ್ವ ಆಕಳ ಬೆನ್ನಿಗೆ ಕೈಯಿಟ್ಟು ಕೂತಿದ್ದಳು. ಅಷ್ಟು ಹೊತ್ತಿಗೇ ಅವಳ ಕಣ್ಣು ಜ್ವರಕ್ಕೆ ಕೆಂಪಾಗಿದ್ದವು. ವೈನಿ ಹಸಿ ನೆಲದಲ್ಲಿ ಮೊಣಕಾಲೂರಿದ್ದಳು. ಹೊಟ್ಟೆ ತೊಡೆಗೆ ಒತ್ತಿತ್ತು. ಬಳೆ ತೆಗೆದಿದ್ದಳು. ಬಲಗೈಗೆ ಮೊಣಕೈ ತನಕ ಕುಸುಬಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಇನ್ನೂ ಹಾಕಿರಲಿಲ್ಲ.

ಕಲ್ಯಾಣಮ್ಮನವರು ದೂರದಲ್ಲಿ, ಗಾಳಿ ಬರುವ ಕಡೆ ಕುರ್ಚಿ ಹಾಕಿಸಿಕೊಂಡಿದ್ದರು. ಮಾಲಕರು ಅದಕ್ಕಿಂತ ದೂರದಲ್ಲಿ, ಬಾಗಿಲ ಆಚೆ ನಿಂತಿದ್ದರು. ಮೂಗಿಗೆ ಕರವಸ್ತ್ರ. ಜೀಪಿನ ಹತ್ತಿರದಿಂದ ನೇರ ಇಲ್ಲಿಗೇ ಬಂದಿದ್ದರು. ಬಂದು, ವೈನಿ ಕೈಗೆ ಎಣ್ಣೆ ಹಚ್ಚುವುದನ್ನು ನೋಡುತ್ತ ನಿಂತಿದ್ದರು. ನೀಲಿ ಗ್ಲೋವ್ಸಿನ ಡಬ್ಬಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದು ಹಾಲು ಹಿಂಡುವವನದು.

"ಬಾ ಬಾ, ಕಲೆಕ್ಟರ್ ಬಾಯಿ," ಎಂದಳು ವೈನಿ. "ನೋಡಾಕ ಬಂದ್ಯಾ? ಇಲ್ಲೇ ಚಕ್ಕರ್ ಬಂದ ಬೀಳಬ್ಯಾಡ ಮತ್ತ. ಆಕಳ್ದೂ ನಿಂದೂ ಕೂಡೇ ಬಾಣಂತನ ಮಾಡಾಕ ನನಗ ಆಗೂದಿಲ್ಲ."

"ಮಾತ ಸಾಕ," ಎಂದರು ಕಲ್ಯಾಣಮ್ಮ. "ಕೈ ಹಾಕ ಮೊದಲ. ನಂಜ ಏರಿದ್ರ ಆಕಳ ಉಳಿಯೂದಿಲ್ಲ."

ನನ್ನ ಬಾಯಿಗೆ ಬಂದದ್ದು ಸುಳ್ಳು.

"ವೈನಿ, ಅಣ್ಣ ಫೋನ್ ಮಾಡ್ಯಾನ. ಲಗೂ ಮನಿಗಿ ಬಾ ಅಂದಾನ."

"ಡ್ಯೂಟ್ಯಾಗ ಅವನ ಫೋನ ಗೇಟಿನ್ಯಾಗ ಇರತದ. ಸುಳ್ಳ ಹೇಳಾಕೂ ಬರೂದಿಲ್ಲ ನೋಡ ನಿನಗ." ಅವಳು ನಕ್ಕು ಆಕಳ ಕಡೆ ತಿರುಗಿದಳು. ಬೆರಳು ಕೂಡಿಸಿ ಕೈ ಚೂಪು ಮಾಡಿದಳು.

ಹೋಗಿ ಅವಳ ಮಣಿಕಟ್ಟು ಹಿಡಿದೆ. ಎಣ್ಣೆಗೆ ಜಾರಿತು. ಎರಡೂ ಕೈಯಿಂದ ಹಿಡಿದೆ.

"ಏನಾಗ್ಯಾದ ಬೇ ನಿನಗ?" ವೈನಿಯ ನಗು ಹೋಯಿತು.

"ಹಾಕಬ್ಯಾಡ."

"ಯಾಕ?"

ನಾನು ಮಣಿಕಟ್ಟು ಬಿಡಲಿಲ್ಲ. ಕೊಟ್ಟಿಗೆಯ ತುಂಬ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಕಲಿಸಿದ್ದ ತಪ್ಪಾತ ಕಮಳಿ," ಎಂದರು ಕಲ್ಯಾಣಮ್ಮ. "ಮಗಳಿಗಿ ಈಗ ನಮ್ಮನಿ ಕೆಲಸ ಹೊಲಸ ಕಾಣಾಕತ್ತದ."

ಅವ್ವನ ಮುಖ ಸಣ್ಣದಾಯಿತು. "ಬಿಡ ಬೇ ಛಾಯಾ. ಮಾನ ಕಳೀಬ್ಯಾಡ. ಅವ್ವಾರು ನಂಬಿ ಕರಿಸ್ಯಾರ."

"ಛಾಯಾ." ಬಾಗಿಲ ಆಚೆಯಿಂದ ಮಾಲಕರು ಕರೆದರು. ಮೆತ್ತಗೆ ಕರೆದರು. "ಮೇಡಂ ಏನಂದ್ರು, ನೆನಪದ ಅಲ? ಇಲ್ಲಿ ಬಾ. ಹೊರಗ ಮಾತಾಡೂಣು."

ಬೈದಿದ್ದರೆ ನಾನು ಬಹುಶಃ ಎದ್ದು ಹೋಗುತ್ತಿದ್ದೆ. ಬೈಗುಳಕ್ಕೆ ಎದ್ದು ಹೋಗುವುದು ನಮಗೆ ರೂಢಿ. ಅವರು ಬೈಯಲಿಲ್ಲ. ಕರವಸ್ತ್ರದ ಮೇಲಿನ ಕಣ್ಣುಗಳನ್ನು ನೋಡಿದೆ. ಅವು ಹೆದರಿದ್ದವು. ನನಗೆ ಹೆದರಿದ್ದವು. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

ವೈನಿಯ ಕಿವಿಗೆ ಬಾಯಿಯಿಟ್ಟು ಹೇಳಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ರೋಗ ಎಂದೆ. ಕೂಸು ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಒಮ್ಮೆ ಸತ್ತ ಕರುವನ್ನು ನೋಡಿದಳು. ನೆಲಕ್ಕೆ ಕೈ ಊರಲು ಹೋಗಿ ಊರದೆ, ನನ್ನ ಹೆಗಲು ಹಿಡಿದು ಎದ್ದಳು. ಸೀರೆಯ ಮೊಣಕಾಲ ಭಾಗ ತೊಯ್ದಿತ್ತು. ಅದನ್ನು ಎರಡು ಬೆರಳಿನಿಂದ ಮೈಯಿಂದ ಎತ್ತಿ ಹಿಡಿದಳು. ಎಣ್ಣೆಯ ಕೈಯನ್ನು ದೂರ ಚಾಚಿದಳು. ಅದನ್ನು ಎಲ್ಲಿ ಒರೆಸಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಅತ್ತಿ, ಇದು ರೋಗ ಅದ ಅಂತಾಳ ಇಕಿ," ಎಂದಳು. ಅವಳ ಧ್ವನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ನಾ ಕೈ ಹಾಕೂದಿಲ್ಲ."

"ಯಾರಂದ್ರ ರೋಗಂತ?" ಕಲ್ಯಾಣಮ್ಮ ಕುರ್ಚಿಯಿಂದ ಅರ್ಧ ಎದ್ದರು.

"ರೋಗಿಲ್ಲ ಗೀಗಿಲ್ಲ," ಎಂದರು ಮಾಲಕರು. "ಹುಡುಗಿಗೇನ ತಿಳೀತದ. ಅರ್ಧಾ ಕೇಳ್ಯಾಳ, ಅರ್ಧಾ ಬಿಟ್ಟಾಳ. ಕಮಳಿ, ನೀನರ ಹಾಕ. ಹೊತ್ತ ಹೊಂಟದ."

ಅವ್ವ ಎದ್ದಳು. ಸೊಂಟ ಹಿಡಿದುಕೊಂಡು, ಆಕಳ ಬೆನ್ನ ಮೇಲೆ ಭಾರ ಹಾಕಿ ಎದ್ದಳು. ಸೊಸೆಯ ಜಾಗದಲ್ಲಿ ಕೂತಳು. ಎಣ್ಣೆಯ ಬಟ್ಟಲು ಹತ್ತಿರ ಎಳೆದುಕೊಂಡಳು.

"ನಾ ಹಾಕತೀನ್ರಿ ಮಾಲಕ್ರ. ಹುಡುಗ್ಯಾರ ಮಾತ ಮನಸಿಗಿ ಹಚಗೋಬ್ಯಾಡ್ರಿ."

"ಅವ್ವಾ," ಎಂದೆ.

"ಗಪ್ಪ ಕೂಡ."

"ಅವ್ವಾ, ನಿನ್ನ ಜ್ವರಾ..."

"ಗಪ್ಪ ಕೂಡ ಅಂದೆ." ಅವಳು ತೋಳು ಏರಿಸಿದಳು. ಒಣಗಿದ ತೋಳು. ಕೈಗೆ ಎಣ್ಣೆ ಸುರಿದುಕೊಂಡಳು. ಸಿಟ್ಟಿನಿಂದಲ್ಲ, ತಿಳಿಹೇಳುವವಳಂತೆ ನನ್ನ ಕಡೆ ನೋಡಿದಳು. "ಮಾಲಕ್ರ ಕಣ್ಣ ಮುಂದ ದಿನಾ ದುಡೀತೀವಿ. ಅಂಥಾದ್ದ ರೋಗ ಇದ್ದಿದ್ರ, ನಮಗ ಒಂದ ಮಾತ ಹೇಳತಿದ್ದಿಲ್ಲೇನ ಅವರು?"

ಆಕಳು ನರಳಿತು. ಅವ್ವನ ಕೈ ಮುಂದೆ ಹೋಯಿತು. ನಾನು ಮಾಲಕರ ಕಡೆ ತಿರುಗಿದೆ. ಅವರು ತಲೆ ಅಲ್ಲಾಡಿಸಿದರು, ಬೇಡ ಎಂಬಂತೆ. ಬಾಯಿ ತೆರೆದೆ.

"ಅವರಿಗಿ ಗೊತ್ತಿತ್ತವ್ವ. ಗೊತ್ತಿದ್ದೇ ತಮ್ಮ ಹೇಣ್ತಿನ್ನ ಸೋಲಾಪುರಕ್ಕ ಕಳಿಸ್ಯಾರ. ಗೊತ್ತಿದ್ದೇ ನಮ್ಮ ಕೈ ಹಾಕಸಾಕತ್ತಾರ."